ಗಂಟೆಯ ನಾಲಿಗೆ

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚಬೇಡಿ, ಮಡಚಿ ಕೂತರೆ ಇನ್ನಿಬ್ಬರಿಗೆ ಜಾಗ ಆಗುತ್ತೆ. ಅವರೆಕಾಯಿ ಬಿಡಿಸೋರು ಬಿಡಿಸುತ್ತಲೇ ಕೇಳಿ, ಈ ಕಥೆಗೆ ಅದರಿಂದ ಬೇಜಾರಿಲ್ಲ. ಮಧ್ಯದಲ್ಲಿ ಎದ್ದು ಹೋಗೋರು ಮಾತ್ರ ಈಗಲೇ ಹೋಗಿಬಿಡಿ.

ಒಂದು ಹೊಳೆ. ಹೊಳೆಯ ಈ ದಡದಲ್ಲಿ ಒಂದು ಮಠ. ದೊಡ್ಡದೇನಲ್ಲ. ನಾಲ್ಕು ಕಂಬದ ಜಗುಲಿ, ಒಂದು ಅಡುಗೆಕೋಣೆ, ಮುಂದೆ ಅರಳಿಮರ, ಮರದ ಪಕ್ಕ ಕಲ್ಲಿನ ಕಮಾನಿಗೆ ನೇತುಹಾಕಿದ ಕಂಚಿನ ಗಂಟೆ.

ಮಠದಲ್ಲಿ ಒಬ್ಬರು ಗುರು. ಊರೆಲ್ಲ ಅವರನ್ನು ಅಜ್ಜಯ್ಯ ಅಂತ ಕರೀತಿತ್ತು.

ಅವರಿಗೊಬ್ಬ ಶಿಷ್ಯ, ಸಿದ್ದ. ಒಳ್ಳೆಯವನು, ಮೈಮುರಿದು ಕೆಲಸ ಮಾಡೋನು. ಆದರೆ ಮೂಗಿನ ತುದೀಲೇ ಸಿಟ್ಟು. ಮಠಕ್ಕೆ ಬಂದು ಏಳು ವರ್ಷ ಆಗಿತ್ತು, ಇನ್ನೂ ದೀಕ್ಷೆ ಆಗಿರಲಿಲ್ಲ.

ಆ ಮಠದಲ್ಲಿ ದೀಕ್ಷೆ ಕೊಡೋದು ವರ್ಷಕ್ಕೆ ಒಂದೇ ದಿನ, ಮಾಘದ ಹುಣ್ಣಿಮೆಯಂದು. ದೀಕ್ಷೆ ತಗೊಳ್ಳೋನು ಹೊಳೇಲಿ ಮಿಂದು ಬಂದು ತನ್ನ ಕೈಯಾರೆ ಗಂಟೆ ಹೊಡೀಬೇಕು. ಆ ಸದ್ದು ಹೊಳೆ ದಾಟಿ ಆಚೆ ದಡಕ್ಕೆ ಕೇಳಬೇಕು. ಆಮೇಲೆಯೇ ಗುರು ಕಿವಿಯಲ್ಲಿ ಮಂತ್ರ ಹೇಳೋದು.

ಹೋದ ವರ್ಷ ಸರಿಯಾಗಿ ಆ ದಿನಕ್ಕೇ ಸಿದ್ದನಿಗೆ ಚಳಿಜ್ವರ. ಅದರ ಹಿಂದಿನ ವರ್ಷ ದೊಡ್ಡಪ್ಪ ತೀರಿಕೊಂಡು ಸೂತಕ. ಈ ಸಲ ಆಕಾಶ ಕಳಚಿಬಿದ್ದರೂ ಬಿಡೋದಿಲ್ಲ ಅಂತ ಕಾಯ್ತಿದ್ದ.

ಹುಣ್ಣಿಮೆಗೆ ಐದು ದಿನ ಇತ್ತು. ಗಂಟೆಯನ್ನು ಹೊಳೆಯೋ ಹಾಗೆ ಮಾಡೋಣ ಅಂತ ಹೊರಟ. ಕಂಚನ್ನು ಹುಣಸೆಹಣ್ಣು ಹಾಕಿ ತಿಕ್ಕಿದ. ಒಳಗಿದ್ದ ಕಬ್ಬಿಣದ ನಾಲಿಗೆಯನ್ನು ಬಿಚ್ಚಿಕೊಂಡ. ಗಂಟೆಯ ನಾಲಿಗೆ ಗೊತ್ತಲ್ಲ? ಒಳಗೆ ನೇತಾಡುತ್ತಾ ಬಡಿಯುತ್ತಲ್ಲ, ಅದು. ಅದನ್ನು ಹೊಳೆಗೆ ಒಯ್ದು ಇಟ್ಟಿಗೆಪುಡಿ ಹಾಕಿ ತುಕ್ಕು ಬಿಡಿಸಿದ. ಒಣಗಲಿ ಅಂತ ಬಂಡೆ ಮೇಲಿಟ್ಟ. ಆಮೇಲೆ ಧ್ಯಾನಕ್ಕೆ ಕೂತ.

ಕಣ್ಣು ಬಿಟ್ಟರೆ ಬಂಡೆ ಇದೆ, ನಾಲಿಗೆ ಇಲ್ಲ.

ಬಂಡೆ ಸುತ್ತ ಹುಡುಕಿದ. ನೀರಿಗಿಳಿದು ಕಾಲಲ್ಲಿ ತಡಕಿದ. ಮರಳು ಬಗೆದ. ಸಂಜೆಗೆ ಮೊಣಕಾಲೆಲ್ಲ ಕೆಸರು ಮಾಡಿಕೊಂಡು ಅಜ್ಜಯ್ಯನ ಮುಂದೆ ನಿಂತ.

"ಅಜ್ಜಯ್ಯ, ಗಂಟೆಯ ನಾಲಿಗೆ ಕಳೆದುಹೋಯ್ತು."

"ತಾನಾಗಿ ಹೋಯ್ತಾ?"

"ನಾನು ಕಳೆದೆ."

"ಹಾಗೆ ಹೇಳು. ತುಕ್ಕು ಪೂರ್ತಿ ಹೋಗಿತ್ತಾ?"

ಕಳೆದುಹೋದ ವಸ್ತುವಿನ ತುಕ್ಕಿನ ವಿಚಾರ ಕೇಳ್ತಾರಲ್ಲ ಅಂತ ಸಿದ್ದನಿಗೆ ಮೈಯುರಿಯಿತು. "ಹೋಗಿತ್ತು. ಬುಡದ ಹತ್ತಿರ ಒಂದಿಷ್ಟು ಕೊಳೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ."

ಅಜ್ಜಯ್ಯ ಒಳಗೆ ಹೋಗಿ ಮರದ ಸೌಟು ತಂದು ಅವನ ಕೈಗಿಟ್ಟರು.

"ಇದೇಕೆ ಅಜ್ಜಯ್ಯ?"

"ನಾಳೆ ಮಧ್ಯಾಹ್ನ ಊಟಕ್ಕೆ ಜನ ಕರೀಬೇಕಲ್ಲ. ಗಂಟೇನ ಇದರಲ್ಲಿ ಹೊಡಿ."

ಮಾರನೆ ದಿನ ಹೊಡೆದ. ಡಬ್ ಡಬ್ ಅಂತು. ಆ ಸದ್ದು ಅರಳಿಮರ ಕೂಡ ದಾಟಲಿಲ್ಲ. ದಿನಾ ಆಚೆ ದಡದಿಂದ ಮಠದ ಊಟಕ್ಕೆ ಬರುತ್ತಿದ್ದ ಮೂವತ್ತು ನಲವತ್ತು ಜನರಲ್ಲಿ ಬಂದದ್ದು ನಾಲ್ಕು ಮಂದಿ. ಉಳಿದ ಅನ್ನವನ್ನು ದನದ ಮುಂದೆ ಸುರಿಯುತ್ತಾ ಅಜ್ಜಯ್ಯ ದನಕ್ಕೆ ಹೇಳಿದರು, "ಉಣ್ಣವ್ವಾ, ಇವತ್ತು ಸಿದ್ದನ ಲೆಕ್ಕದಲ್ಲಿ ನಿನಗೆ ಹಬ್ಬ."

ಸಿದ್ದ ಹಲ್ಲು ಕಚ್ಚಿಕೊಂಡು ಹೊಳೆ ಕಡೆ ನಡೆದ.

ಆಗ ಕೇಳಿಸಿತು. ಆಚೆ ದಡದಿಂದ ಠಣ್, ಠಣ್, ಠಣ್.

ಏಳು ವರ್ಷ ಕೇಳಿದ ಕಬ್ಬಿಣದ ದನಿ. ಗಂಟೆಯೊಳಗೆ ಅಲ್ಲದಿದ್ದರೂ ಅವನಿಗೆ ಗುರುತು ಸಿಕ್ಕಿತು. ಮಾಘ ಮಾಸ, ಹೊಳೇಲಿ ಮೊಣಕಾಲುದ್ದ ನೀರು. ಪಂಚೆ ಎತ್ತಿ ಕಟ್ಟಿ ದಾಟಿದ.

ಆಚೆ ದಡದಲ್ಲಿ ಊರಿಂದ ಸ್ವಲ್ಪ ಹೊರಗೆ ಒಂದು ಗುಡಿಸಲು. ಮುಂದೆ ಕಾಳಮ್ಮ ಅನ್ನೋ ಮುದುಕಿ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಮೇಕೆ. ಮುಂದೆ ಪುಟ್ಟ ಒರಳು. ಒರಳಲ್ಲಿ ಎಲೆ ಅಡಿಕೆ ಹಾಕಿ ಕುಟ್ಟುತ್ತಿದ್ದಾಳೆ. ಬಾಯಲ್ಲಿ ಹಲ್ಲಿಲ್ಲ ನೋಡಿ, ಕುಟ್ಟಿಯೇ ಹಾಕಿಕೊಳ್ಳಬೇಕು. ಕುಟ್ಟುತ್ತಿರೋದು ಗಂಟೆಯ ನಾಲಿಗೆಯಿಂದ.

"ಅಜ್ಜಿ! ಅದು ನಮ್ಮದು!"

"ಬಾ ಮರಿಸಾಮಿ. ಒದ್ದೆ ಪಂಚೆ ಹಿಂಡಿಕೋ. ಯಾವುದು ನಿಮ್ಮದು?"

"ಕೈಯಲ್ಲಿರೋದು. ಮಠದ ಗಂಟೆಯ ನಾಲಿಗೆ."

"ಗೊತ್ತು."

"ಗೊತ್ತಿದ್ದೂ ಎತ್ತಿಕೊಂಡು ಬಂದೆಯಾ?"

"ಮೇಕೆಗೆ ನೀರು ಕುಡಿಸೋಕೆ ಬಂದಿದ್ದೆ. ಬಂಡೆ ಮೇಲೆ ಬಿದ್ದಿತ್ತು. ಪಕ್ಕದಲ್ಲೇ ನೀನು ಕಣ್ಣುಮುಚ್ಚಿಕೊಂಡು ಕೂತಿದ್ದೆ. ಮೂರು ಸಲ ಕೂಗಿದೆ, ಮರಿಸಾಮಿ ಮರಿಸಾಮಿ ಅಂತ. ನೀನು ಯಾವ ಲೋಕದಲ್ಲಿದ್ದೆಯೋ."

ಸಿದ್ದ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ ಅನ್ನೋ ಹಾಗೆ ಕೈ ಚಾಚಿದ. "ಕೊಡು."

ಮುದುಕಿ ನಾಲಿಗೆಯನ್ನು ಮಡಿಲಿಗೆ ಹಾಕಿಕೊಂಡಳು. "ಸುಮ್ಮನೆ ಕೊಡೋಕಾಗುತ್ತಾ? ಸಿಕ್ಕಿದವರಿಗೆ ಸೀರುಂಡೆ ಅಂತ ಗಾದೆನೇ ಐತಲ್ಲ."

"ಅಂದರೆ ನಿನಗೆ ಇನಾಮು ಬೇಕಾ?"

"ಸೀರುಂಡೆ ಬೇಕು."

ಸಿದ್ದ ವಾಪಸ್ ಬಂದು ಅಜ್ಜಯ್ಯನ ಮುಂದೆ ಕುದಿದ. "ಮಠದ ಸ್ವತ್ತು ಕದ್ದು, ಮಠಕ್ಕೇ ಇನಾಮು ಕೇಳ್ತಾಳೆ ಅಜ್ಜಯ್ಯ!"

"ಕದ್ದಳಾ, ಸಿಕ್ಕಿತಾ?"

"ಸಿಕ್ಕಿದ್ದನ್ನು ಕೊಡದೆ ಇಟ್ಟುಕೊಂಡರೆ ಕದ್ದ ಹಾಗೇ ತಾನೇ?"

"ಹಾಗಾದರೆ ಏಳು ವರ್ಷ ಇಲ್ಲಿ ನಿನಗೆ ಸಿಕ್ಕಿದ್ದೆಲ್ಲ ಎಲ್ಲಿಟ್ಟಿದ್ದೀಯ?"

ಸಿದ್ದ ಗಿರ್ರನೆ ತಿರುಗಿದ. ಅಡುಗೆಕೋಣೆಗೆ ಹೋಗಿ ಹುರಿಗಡಲೆ, ಕೊಬ್ಬರಿ, ಬೆಲ್ಲ ಹುಡುಕಿ ತೆಗೆದ. ಸಿಟ್ಟಿನಲ್ಲಿ ಪಾಕ ಏರಿಸಿಬಿಟ್ಟ. ಕಟ್ಟಿದ ಉಂಡೆ ನೆಲಕ್ಕೆ ಬಿದ್ದರೆ ನೆಲವೇ ಒಡೆಯೋ ಹಾಗಿತ್ತು.

ಕಾಳಮ್ಮ ಒಂದನ್ನು ಕೈಗೆ ತಗೊಂಡು ತಿರುಗಿಸಿ ನೋಡಿದಳು.

"ಇದು ತಿನ್ನೋಕಾ ಮರಿಸಾಮಿ, ಇಲ್ಲಾ ನನ್ನ ತಲೆಗೆ ಹೊಡೆಯೋಕಾ?"

ಆಮೇಲೆ ಏನು ಮಾಡಿದಳು ಗೊತ್ತಾ? ಅವನ ಕಣ್ಣೆದುರಿಗೇ ಉಂಡೆಯನ್ನು ಒರಳಿಗೆ ಹಾಕಿ, ಅದೇ ಗಂಟೆಯ ನಾಲಿಗೆಯಿಂದ ಠಣ್ ಠಣ್ ಅಂತ ಕುಟ್ಟಿ ಪುಡಿ ಮಾಡಿ, ಬೊಗಸೆಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿದಳು. ಮೇಕೆಗೂ ಒಂದು ಚಿಟಿಕೆ ಕೊಟ್ಟಳು.

"ರುಚಿಯಾಗಿದೆ. ಬೆಲ್ಲ ಒಂಚೂರು ಮುಂದು."

"ಈಗ ಕೊಡು."

"ಏನನ್ನ?"

"ಅಯ್ಯೋ, ನಾಲಿಗೆ! ಸೀರುಂಡೆ ಕೊಟ್ಟೆನಲ್ಲ!"

"ಸಿಕ್ಕಿದ್ದಕ್ಕೆ ಸೀರುಂಡೆ. ಅದು ಆಯ್ತು. ಕೊಡೋದಕ್ಕೆ?"

ಸಿದ್ದನ ಕಿವಿ ಕೆಂಪಾಯಿತು. "ಕೊಡೋದಕ್ಕೆ ಬೇರೆಯಾ? ಅದೇನು ಬೇಕು ಒಂದೇ ಸಲ ಹೇಳಿಬಿಡು. ಅಕ್ಕಿ ಬೇಕಾ? ಗುಡಿಸಲಿಗೆ ಹುಲ್ಲು ಹೊದಿಸಬೇಕಾ?"

ಮುದುಕಿ ನಾಲಿಗೆಯನ್ನು ಸೆರಗಿನಿಂದ ಒರೆಸಿದಳು. ಬೆಲ್ಲದ ಅಂಟು ಹೋಗೋವರೆಗೂ ಒರೆಸಿದಳು.

"ಅದೆಲ್ಲಾ ಬೇಡ. ಇದನ್ನ ಮಾಡಿದೋರ ಹೆಸರು ಹೇಳು. ತಗೊಂಡು ಹೋಗು."

"ಅಷ್ಟೇನಾ?"

"ಅಷ್ಟೇ."

ಸಿದ್ದನಿಗೆ ನಗು ಬಂತು. ಏಳು ವರ್ಷ ವೇದಾಂತ ಓದಿದವನಿಗೆ ಇದೊಂದು ಪ್ರಶ್ನೆಯಾ? ಎದೆ ಸೆಟೆಸಿಕೊಂಡು ಹೇಳಿದ, "ಈ ಜಗತ್ತನ್ನೂ, ಜಗತ್ತಿನಲ್ಲಿರೋ ಸಕಲ ವಸ್ತುಗಳನ್ನೂ ಮಾಡಿದವನು ಆ ಪರಶಿವ."

"ಪರಶಿವನಿಗೆ ಸುತ್ತಿಗೆ ಹಿಡಿಯೋಕೆ ಬರುತ್ತಾ?"

"ಅಜ್ಜಿ!"

"ಅವನು ಬೇಕಾದಷ್ಟು ಮಾಡಿದಾನೆ, ಇಲ್ಲ ಅನ್ನಲ್ಲ. ಇದನ್ನ ಮಾಡಿಲ್ಲ. ಹೋಗು, ಕೇಳಿಕೊಂಡು ಬಾ."

ಮತ್ತೆ ಹೊಳೆ. ಮತ್ತೆ ಒದ್ದೆ ಪಂಚೆ.

"ಅಜ್ಜಯ್ಯ, ಗಂಟೆಯ ನಾಲಿಗೆ ಮಾಡಿದವರು ಯಾರು?"

"ನಾನು ಈ ಮಠಕ್ಕೆ ಬಂದಾಗಲೇ ಗಂಟೆ ಇತ್ತಪ್ಪ."

"ನೀವು ಯಾರನ್ನೂ ಕೇಳಲಿಲ್ಲವಾ?"

"ಇಲ್ಲ," ಅಂದರು. "ಕೇಳಬೇಕಾಗಿತ್ತು."

ಮಾರನೆ ದಿನ ಬೆಳಿಗ್ಗೆ ಸಿದ್ದ ಕಮಾನಿನ ಕಲ್ಲು ತೊಳೆದು ನೋಡಿದ. ಪಾಚಿಯ ಕೆಳಗೆ ಅಕ್ಷರ ಸಿಕ್ಕಿತು. "ಪಟೇಲ್ ಬೆಟ್ಟೇಗೌಡರ ಸೇವೆ." ಕುಣಿದುಕೊಂಡು ಹೊಳೆ ದಾಟಿದ.

"ಪಟೇಲ್ ಬೆಟ್ಟೇಗೌಡರು!"

ಕಾಳಮ್ಮ ಎಲೆಯ ತೊಟ್ಟು ಮುರಿದು ಆಚೆ ಎಸೆದಳು. "ಅವರು ಕೊಡಿಸಿದ್ದು. ಮಾಡಿದ್ದು ಯಾರು?"

"ಕಲ್ಲಿನ ಮೇಲೆ ಅಷ್ಟೇ ಇರೋದು."

"ಕಲ್ಲಿನ ಮೇಲೆ ಇರೋದನ್ನ ಕೇಳೋಕೆ ನಿನ್ನನ್ನ ಯಾಕೆ ಓಡಾಡಿಸಲಿ?"

"ನಿನಗೆ ಗೊತ್ತಾ ಆ ಹೆಸರು?"

"ಗೊತ್ತು."

"ಹಾಗಾದರೆ ನೀನೇ ಹೇಳು, ನಾನು ತಿರುಗಿಸಿ ಹೇಳ್ತೀನಿ, ಮುಗೀಲಿ!"

"ನಾನು ಹೇಳಂಗಿಲ್ಲ."

"ಯಾಕೆ ಹೇಳಂಗಿಲ್ಲ?"

"ಹೇಳಂಗಿದ್ದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಅಷ್ಟು ಹೊತ್ತಿಗೆ ಮೇಕೆ ಹಿಂದಿನಿಂದ ಬಂದು ಅವನ ಹೆಗಲ ಮೇಲಿದ್ದ ವಸ್ತ್ರದ ಸೆರಗನ್ನು ಬಾಯಿಗೆ ಹಾಕಿಕೊಂಡಿತ್ತು. ದೀಕ್ಷೆಗೆ ಅಂತ ಒಗೆದು ಮಡಿ ಮಾಡಿದ ವಸ್ತ್ರ. ಎಳೆದ. ಪರ್ ಅಂತ ಹರಿಯಿತು. ಅದರ ಜೊತೆಗೆ ಇವನ ತಾಳ್ಮೆಯೂ ಹರಿಯಿತು.

"ಏನು ಅಂದುಕೊಂಡಿದ್ದೀಯ ಮುದುಕಿ? ಮಠದ ವಸ್ತು ಮಡಿಲಲ್ಲಿಟ್ಟುಕೊಂಡು ಆಟ ಆಡಿಸ್ತೀಯಲ್ಲ, ಇದೇನು ನಿನ್ನ ಗಂಡ ಮಾಡಿಟ್ಟು ಹೋದ ಆಸ್ತಿನಾ?"

ಕಾಳಮ್ಮ ಎದ್ದಳು. ಒರಳು ಎತ್ತಿಕೊಂಡಳು, ನಾಲಿಗೆ ಎತ್ತಿಕೊಂಡಳು, ಮೇಕೆಯ ಕಿವಿ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲ ತಟ್ಟಿ ಹಾಕಿಕೊಂಡಳು.

ಸಿದ್ದ ಬಂದು ಅಜ್ಜಯ್ಯನ ಹತ್ತಿರ ಎಲ್ಲ ಹೇಳಿದ. ಅಂದ ಮಾತನ್ನೂ ಮುಚ್ಚಿಡಲಿಲ್ಲ, ಅದೊಂದು ಗುಣ ಇತ್ತು ಅವನಲ್ಲಿ.

"ತಾಳ್ಮೆ ಕಳಕೊಂಡೆ ಅಜ್ಜಯ್ಯ. ಏನು ಮಾಡಲಿ, ಹಾಗೆ ಮಾಡ್ತಾಳೆ."

"ಮೊನ್ನೆ ನಾಲಿಗೆ ಕಳಕೊಂಡೆ. ಇವತ್ತು ತಾಳ್ಮೆ ಕಳಕೊಂಡೆ. ಇನ್ನೇನಾದರೂ ಉಳಿದಿದ್ದರೆ ಗಂಟು ಹಾಕಿ ಸೊಂಟಕ್ಕೆ ಕಟ್ಟಿಕೋ ಮಾರಾಯ."

"ನೀವೇ ಒಂದು ಮಾತು ಹೇಳಿದರೆ ಅವಳು ಕೊಡ್ತಾಳೆ."

"ಕೊಡ್ತಾಳೆ."

"ಮತ್ತೆ ಹೇಳಿ."

"ಅವಳು ಕೇಳಿದ್ದು ನನ್ನನ್ನಲ್ಲವಲ್ಲ."

ಸಿದ್ದನಿಗೆ ಅಳು ಬರೋದೊಂದು ಬಾಕಿ. ಹುಣ್ಣಿಮೆಗೆ ಇನ್ನು ಮೂರೇ ದಿನ. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ. ಜ್ವರಕ್ಕೆ ಒಂದು ವರ್ಷ ಹೋಯ್ತು, ಸಾವಿಗೆ ಒಂದು ವರ್ಷ ಹೋಯ್ತು, ಈಗ ಒಬ್ಬ ಮುದುಕಿಯ ಹಟಕ್ಕೆ ಒಂದು ವರ್ಷವಾ? ಬೇಡವೇ ಬೇಡ. ಹೊಸ ನಾಲಿಗೆ ಮಾಡಿಸ್ತೀನಿ, ಅವಳು ಅದರಲ್ಲಿ ಅಡಿಕೆ ಕುಟ್ಟಿಕೊಂಡೇ ಇರಲಿ ಅಂತ ತೀರ್ಮಾನ ಮಾಡಿದ. ಮಾರನೆ ದಿನ ಬೆಳಗಾಗುತ್ತಲೇ ಹೊರಟುನಿಂತ.

"ಹೋಗಿ ಬರ್ತೀನಿ ಅಜ್ಜಯ್ಯ."

"ಹೋಗಿ ಬಾ. ಸೌಟು ಇಲ್ಲೇ ಇರುತ್ತೆ."

ಹೊಳೆ ಗುಂಟ ಮೂರು ಊರು ಕೆಳಗೆ ನಾಗಾಚಾರಿಯ ಕುಲುಮೆ. ಕಬ್ಬಿಣದ ಕೆಲಸಕ್ಕೆ ಆ ಸೀಮೆಗೆಲ್ಲ ಅವನೇ. ಅರವತ್ತು ದಾಟಿದ ಮನುಷ್ಯ. ಸಿದ್ದ ಹೋದಾಗ ಒಂದು ನೇಗಿಲ ಗುಳ ಬೆಂಕಿಯಲ್ಲಿತ್ತು.

"ನಾಡಿದ್ದು ಹುಣ್ಣಿಮೆಯೊಳಗೆ ಗಂಟೆಗೊಂದು ನಾಲಿಗೆ ಮಾಡಿಕೊಡಬೇಕು."

"ಯಾವ ಗಂಟೆಗೆ ಬುದ್ಧಿ?"

"ಅಜ್ಜಯ್ಯನ ಮಠದ ಗಂಟೆಗೆ."

ನಾಗಾಚಾರಿ ಸುತ್ತಿಗೆ ಕೆಳಗಿಟ್ಟ. "ಅದಕ್ಕೆ ನಾನು ಮಾಡೋಕಾಗಲ್ಲ."

"ಯಾಕೆ?"

"ತೂಕ ಹೆಚ್ಚಾದರೆ ಕಂಚು ಸೀಳುತ್ತೆ. ಕಮ್ಮಿಯಾದರೆ ದನಿ ಹೊಳೆ ದಾಟಲ್ಲ. ಆ ಗಂಟೆಯ ಹದ ಮಾಡಿದೋರಿಗೇ ಗೊತ್ತಿತ್ತು. ಆ ಹದಕ್ಕೆ ಅವರು ಏಳು ಸಲ ಕಾಸಿ ಬಡಿದಿದ್ದನ್ನ ನಾನೇ ಕಂಡಿದೀನಿ. ಹಳೇದು ಏನಾಯ್ತು?"

"ಕಳೆದುಹೋಯ್ತು. ಅಂದರೆ, ಸಿಕ್ಕಿದೆ. ಆದರೆ ಸಿಕ್ಕಿದವರು ಕೊಡ್ತಿಲ್ಲ."

"ಅದರ ಬುಡದಲ್ಲಿ ಒಂದು ಗುರುತು ಇರಬೇಕು ನೋಡಿ."

"ಗುರುತು ಏನಿಲ್ಲ. ಒಂದು ಕೊಳೆ ಇತ್ತು. ಅರ್ಧ ದಿನ ತಿಕ್ಕಿದೆ, ಹೋಗಲಿಲ್ಲ."

"ಮೀನಿನ ಹಾಗಿತ್ತಾ?"

ಸಿದ್ದ ಕಣ್ಣುಮುಚ್ಚಿ ನೆನೆಸಿಕೊಂಡ. ಉದ್ದಕ್ಕೊಂದು ಗೀರು. ಹಿಂದೆ ಬಾಲದ ಹಾಗೆ ಎರಡು ಗೀರು.

"ಹೌದು... ಮೀನಿನ ಹಾಗೇ ಇತ್ತು."

"ಅದು ಕೊಳೆ ಅಲ್ಲ ಬುದ್ಧಿ. ನಮ್ಮ ಗುರುಗಳ ಉಳಿಯ ಗುರುತು. ನಾನು ಕೆಲಸ ಕಲಿತಿದ್ದು ಅವರ ಹತ್ತಿರ." ನಾಗಾಚಾರಿ ಮಸಿ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು, ಎರಡೂ ಕಿವಿ ಮುಟ್ಟಿಕೊಂಡ. ಆಮೇಲೆ ಹೆಸರು ಹೇಳಿದ. "ಮೋನಾಚಾರ್ರು."

"ಎಲ್ಲಿದ್ದಾರೆ ಅವರು?"

"ತೀರಿಹೋಗಿ ಮೂವತ್ತು ವರ್ಷದ ಮೇಲಾಯ್ತು. ನಿಮ್ಮ ಮಠದ ಎದುರು ದಡದಲ್ಲೇ ಅವರ ಕುಲುಮೆ ಇದ್ದದ್ದು. ಮಕ್ಕಳಿರಲಿಲ್ಲ. ಅಮ್ಮನೇ ತಿದಿ ಒತ್ತೋರು, ಅವರು ಬಡಿಯೋರು. ಅಮ್ಮ ಈಗಲೂ ಅಲ್ಲೇ ಇರಬೇಕು. ನಾನೂ ಹೋಗಿ ನೋಡಿ ವರ್ಷಗಳಾಗೋದವು, ನಾಚಿಕೆಗೇಡು. ಕಾಳಮ್ಮ ಅಂತ."

ಸಿದ್ದ ನಿಂತಲ್ಲೇ ಕೂತುಬಿಟ್ಟ.

"ಯಾಕೆ ಬುದ್ಧಿ? ನೀರು ತರಲಾ?"

"ನಾನು ಅವರನ್ನೇ ಕೇಳಿದೆ. ಮಾಡಿದವರ ಹೆಸರು ಹೇಳು ಅಂತ. ಹೇಳಂಗಿಲ್ಲ ಅಂದರು. ಹಟ ಅಂದುಕೊಂಡೆ."

"ಅಯ್ಯೋ ಬುದ್ಧಿ," ಅಂದ ನಾಗಾಚಾರಿ, "ಗಂಡನ ಹೆಸರನ್ನ ಹೆಂಡತಿ ಬಾಯಿಬಿಟ್ಟು ಹೇಳ್ತಾಳಾ?"

ನಿಮಗೆ ನಗು ಬರಬಹುದು ಮಕ್ಕಳೇ. ಈಗ ಮುಖಕ್ಕೆ ಮುಖ ಕೊಟ್ಟು ಕೂಗ್ತೀರಿ. ಆಗ ಹಾಗಿರಲಿಲ್ಲ. ಹೆಸರು ಬರೆದುಕೊಳ್ಳೋಕೆ ಯಾರಾದರೂ ಬಂದು ಗಂಡನ ಹೆಸರು ಕೇಳಿದರೆ ಪಕ್ಕದ ಮನೆಯವಳನ್ನು ಕರೆದು ಹೇಳಿಸುತ್ತಿದ್ದೆವು. ಪಕ್ಕದ ಮನೆಯವಳೂ ಸತ್ತುಹೋದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಇರಲಿ. ಸಿದ್ದ ಎದ್ದ. ಇದೇನು ನಿನ್ನ ಗಂಡ ಮಾಡಿಟ್ಟು ಹೋದ ಆಸ್ತಿನಾ. ಅವನ ಮಾತು ಅವನ ಕಿವಿಯಲ್ಲೇ ಠಣ್ ಠಣ್ ಅಂತಿತ್ತು. ಮೂರು ಊರಿನ ದಾರಿ ಓಡಿಕೊಂಡೇ ಬಂದ. ಮಠಕ್ಕೆ ಹೋಗಲಿಲ್ಲ. ನೇರ ಗುಡಿಸಲಿಗೆ ಹೋದ.

ತಟ್ಟಿ ತೆಗೆದಿತ್ತು. ಕಾಳಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಮಡಿಲಲ್ಲಿ ನಾಲಿಗೆ.

"ಮತ್ತೆ ಬಂದೆಯಾ? ಇವತ್ತು ಯಾವ ಗೌಡರ ಹೆಸರು ತಂದಿದ್ದೀಯ?"

ಸಿದ್ದನಿಗೆ ಏದುಸಿರು. ಕೈಮುಗಿದ.

"ಮೋನಾಚಾರಿ," ಅಂದ.

"ಏನಂದೆ?"

"ಮೋನಾಚಾರಿ."

"ನನಗೆ ಕಿವಿ ಮಂದ. ಗಟ್ಟಿಯಾಗಿ ಹೇಳು."

"ಮೋನಾಚಾರಿ!"

"ಇನ್ನೊಂದು ಸಲ."

ನಿನ್ನೆಯ ಸಿದ್ದನಾಗಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದ. ಇವತ್ತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಹೊಳೆ ಕಡೆ ತಿರುಗಿ, ಗಂಟಲು ಹರಿಯೋ ಹಾಗೆ ಕೂಗಿದ. "ಮೋನಾಚಾರೀ!"

ಬಂಡೆಗೆ ಬಡಿದು ಹೆಸರು ವಾಪಸ್ ಬಂತು. ಮೇಕೆ ಬೆದರಿ ಮ್ಯಾ ಅಂತು.

"ಸುಮ್ನಿರೇ," ಅಂದಳು ಕಾಳಮ್ಮ ಮೇಕೆಗೆ. "ಕೇಳಿಸಿಕೋತಾ ಇದೀನಿ."

ನಾಲಿಗೆಯ ಬುಡದ ಮೀನಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮಾತಾಡಿದಳು.

"ದಿನಾ ಮಧ್ಯಾಹ್ನ ನೀವು ಗಂಟೆ ಹೊಡೀತೀರಿ. ಅದು ಮಾತಾಡೋದೆಲ್ಲಾ ಅವರದೇ ಮಾತು. ಆದರೆ ಹೆಸರು ಮಾತ್ರ ಹೇಳಲ್ಲ. ನಾನು ಹೇಳಂಗಿಲ್ಲ. ಹೇಳೋರು ಒಬ್ಬೊಬ್ಬರಾಗಿ ಹೋದರು. ಮೊನ್ನೆ ಬಂಡೆ ಮೇಲೆ ಇದು ಸಿಕ್ಕಾಗ ಮೀನು ನೋಡಿದೆ. ಯಾರೋ ಇಟ್ಟಿಗೆಪುಡಿ ಹಾಕಿ ಅದನ್ನೂ ಅಳಿಸೋಕೆ ನೋಡಿದ್ರು. ಅದಕ್ಕೇ ಎತ್ತಿಕೊಂಡು ಬಂದೆ."

"ನಾನೇ ತಿಕ್ಕಿದ್ದು ಅಜ್ಜಿ. ಮತ್ತೆ ನಿನ್ನೆ ಅಂದ ಮಾತು..."

"ಅದರಲ್ಲಿ ತಪ್ಪೇನಿದೆ? ನನ್ನ ಗಂಡ ಮಾಡಿಟ್ಟಿದ್ದೇ ತಾನೇ? ಹೆಸರೊಂದು ಬಿಟ್ಟು ಎಲ್ಲಾ ಸರಿಯಾಗೇ ಹೇಳಿದ್ದೆ." ಬೊಚ್ಚು ಬಾಯಲ್ಲಿ ನಕ್ಕಳು. "ಆದರೂ ಚುಚ್ಚಿತು ಕಣಪ್ಪ. ಚುಚ್ಚಲಿಲ್ಲ ಅಂದರೆ ಸುಳ್ಳಾಗುತ್ತೆ."

ನಾಲಿಗೆಯನ್ನು ಸೆರಗಲ್ಲಿ ಒರೆಸಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು. ಅವನೂ ಎರಡೂ ಕೈಯಲ್ಲಿ ತಗೊಂಡ.

"ಅಜ್ಜಿ, ನೀನು ಎಲೆ ಅಡಿಕೆ ಯಾವುದರಲ್ಲಿ ಕುಟ್ಟುತ್ತೀಯ?"

"ಈಗ ಬಂತಾ ನೆನಪು? ಕಲ್ಲಿದೆ, ಹೋಗು. ಹೊಳೇಲಿ ಬೀಳಿಸಿಬಿಟ್ಟೀಯ, ಹುಷಾರು."

ಹುಣ್ಣಿಮೆ ದಿನ ಬೆಳಿಗ್ಗೆ ಸಿದ್ದ ಹೊಳೇಲಿ ಮಿಂದ. ಹರಿದ ವಸ್ತ್ರವನ್ನೇ ಹೊದ್ದುಕೊಂಡು ಬಂದು ಗಂಟೆಯ ಮುಂದೆ ನಿಂತ. ಹಗ್ಗಕ್ಕೆ ಕೈ ಹಾಕಿದವನು ಒಂದು ಗಳಿಗೆ ತಡೆದ. "ಮೋನಾಚಾರಿ," ಅಂತ ಗಟ್ಟಿಯಾಗಿ ಅಂದ. ಆಮೇಲೆ ಹೊಡೆದ.

ಆ ದನಿ ಹೊಳೆ ದಾಟಿತು. ಆಚೆ ದಡದಲ್ಲಿ ಒಬ್ಬ ಮುದುಕಿ ಸೆರಗು ತಲೆ ಮೇಲೆ ಎಳೆದುಕೊಂಡಳು.

ಆಮೇಲೆ ಯಾರು ಯಾರು ಏನಾದರು ಅಂತೀರಾ? ಹೇಳ್ತೀನಿ.

ನಾಗಾಚಾರಿ ಮುಂದಿನ ಅಮಾವಾಸ್ಯೆಗೆ ಕುಲುಮೆಗೆ ರಜೆ ಕೊಟ್ಟು ಬಂದು ಕಾಳಮ್ಮನ ಕಾಲಿಗೆ 'ತಪ್ಪಾಯ್ತಮ್ಮ' ಅಂತ ಬಿದ್ದ. ಅವಳಿಗೆ ಎಲೆ ಅಡಿಕೆ ಕುಟ್ಟೋಕೆ ಪುಟ್ಟದೊಂದು ಕಬ್ಬಿಣದ ಕುಟ್ಟಣಿ ಮಾಡಿಕೊಂಡು ಬಂದಿದ್ದ. ಬುಡದಲ್ಲಿ ಒಂದು ಮೀನು ಕೊರೆದಿದ್ದ. ಅವಳು ನೋಡಿ, ಬಾಲ ಸೊಟ್ಟಗಾಯ್ತು, ಅವರು ಹೀಗೆ ಹಾಕ್ತಿರಲಿಲ್ಲ ಅಂದಳಂತೆ. ಅಲ್ಲಿಂದ ಮುಂದೆ ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಕಾಳಮ್ಮ ಇನ್ನೂ ನಾಲ್ಕು ವರ್ಷ ಬದುಕಿದಳು. ದಿನಾ ಮಧ್ಯಾಹ್ನ ಸಿದ್ದ ಹೆಸರು ಕೂಗಿ ಗಂಟೆ ಹೊಡೆದ ಮೇಲೆಯೇ ಏಳುತ್ತಿದ್ದಳು, ಊಟಕ್ಕೆ ಬರುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿ ಅಂತ ದಿನಾ ಬೈಯುತ್ತಿದ್ದಳು.

ಮೇಕೆ ಅವಳಾದ ಮೇಲೆ ಮಠಕ್ಕೆ ಬಂತು. ಅರಳಿಮರದ ಕೆಳಗಿನ ಕೊಂಬೆಗಳಲ್ಲಿ ಎಲೆ ಉಳಿಸಲಿಲ್ಲ.

ಸಿದ್ದ ಅಜ್ಜಯ್ಯನ ನಂತರ ಆ ಮಠ ನೋಡಿಕೊಂಡ. ಸಿಟ್ಟು ಪೂರ್ತಿ ಹೋಯ್ತು ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಬಾಯಿ ಬಿಡೋ ಮುಂಚೆ ಒಂದು ಸಲ ಗಂಟೆ ಕಡೆ ನೋಡುತ್ತಿದ್ದ. ಅವನ ಕಾಲ ಆದ ಮೇಲೂ ಅಲ್ಲಿ ಹೆಸರು ಹೇಳಿಯೇ ಗಂಟೆ ಹೊಡೆಯುತ್ತಿದ್ದರು. ಆಮೇಲಾಮೇಲೆ ಬಂದವರಿಗೆ ಅದು ಒಬ್ಬ ಕಮ್ಮಾರನ ಹೆಸರು ಅಂತ ಮರೆತು, ಯಾವುದೋ ಮಂತ್ರ ಅಂತಾಯ್ತು. ಆಗಲಿ ಬಿಡಿ, ಹೇಳ್ತಾರಲ್ಲ.

ಅಜ್ಜಯ್ಯ ಹನ್ನೊಂದು ವರ್ಷದ ಮೇಲೆ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವರ ಗದ್ದುಗೆಯ ಕಲ್ಲಿನ ಮೇಲೆ ಅಜ್ಜಯ್ಯ ಅಂತ ಬರೆದಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರಿದೆ. ಸಿದ್ದ ಕೆತ್ತಿಸಿದ್ದು. ಅದನ್ನು ತಿಳಿದುಕೊಳ್ಳೋಕೆ ಅವನು ಎಲ್ಲೆಲ್ಲಿ ಅಲೆದ, ಯಾರ ಯಾರ ಬಾಗಿಲು ತಟ್ಟಿದ ಅನ್ನೋದು ದೊಡ್ಡ ಕಥೆ. ಆದರೆ ಆ ಹುಡುಕಾಟ ಶುರುವಾದದ್ದು ಆ ದೀಕ್ಷೆಯ ದಿನವೇ.

ಗಂಟೆ ಹೊಡೆದಾಗಿತ್ತು. ಕಿವಿಯಲ್ಲಿ ಮಂತ್ರ ಹೇಳಿಸಿಕೊಂಡಾಗಿತ್ತು. ಸಿದ್ದ ಉದ್ದಕ್ಕೆ ಅಡ್ಡಬಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ.

"ಅಜ್ಜಯ್ಯ, ಇಷ್ಟೆಲ್ಲಾ ಕೊಟ್ಟಿರಿ. ಗುರುದಕ್ಷಿಣೆ ಅಂತ ನಾನು ಏನು ಕೊಡಲಿ?"

ಅಜ್ಜಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. ನಿಟ್ಟುಸಿರು ಬಿಟ್ಟರು.

"ಕೊಟ್ಟವರಿಗೆ ಏನು ಕೊಡಬೇಕು ಅಂತ ಕಾಳಮ್ಮ ಅಷ್ಟೊಂದು ಹೇಳಿಕೊಟ್ಟಳಲ್ಲೋ. ಏಳು ವರ್ಷ ಆಯ್ತು ನೀನು ಬಂದು. ಹೇಳು ನೋಡೋಣ, ನನ್ನ ಹೆಸರೇನು?"